ದೋಣಿಯ ಚಿತ್ರದ ಮುಂದಿನ ಬೆಂಚು

ಹರ್ನ್‌ಡನ್, ೨೦೦೬

ರೀ,

ನೀವು ಹೋದ ಮೇಲೆ, ಊರಿನಿಂದ ಬಂದವರಿಗೆ ವಾಷಿಂಗ್ಟನ್ ತೋರಿಸುವ ಕೆಲಸ ನನ್ನ ತಲೆಗೆ ಬಿದ್ದಿದೆ. ಇವತ್ತು ನಿಮ್ಮ ತಂಗಿ ಶ್ರೀಲತಾಳ ಸರದಿ. ಮ್ಯೂಸಿಯಂಗೆ ಬರುವಷ್ಟರಲ್ಲಿ ಕಾಲು ಸೋತು, ನೀವು ಯಾವಾಗಲೂ ಕೂರುತ್ತಿದ್ದ ಬೆಂಚಿನ ಮೇಲೇ ಕುಳಿತೆ. ಎದುರಿಗೆ ಅದೇ ಡಚ್ ಚಿತ್ರ: ಅಲುಗದ ಹೊಳೆ, ದಡದಲ್ಲಿ ಹಸುಗಳು, ನಡುನೀರಿನಲ್ಲಿ ದೋಣಿ.

"ಏಳ್ರೀ, ಪಾರ್ಕಿಂಗ್ ಟೈಮ್ ಮುಗೀತು" ಎಂದು ನಾನು ಅವಸರ ಮಾಡಿದಾಗಲೆಲ್ಲ, "ತಡಿಯೇ, ದೋಣಿ ಇನ್ನೂ ದಡ ಸೇರಿಲ್ಲ" ಎನ್ನುತ್ತಿದ್ದಿರಿ. ನಾನು ಬಾಗಿಲಲ್ಲೇ ನಿಂತು ವಾಚು ನೋಡುತ್ತಿದ್ದೆ. ಚಿತ್ರವನ್ನು ಸರಿಯಾಗಿ ನೋಡಿದ್ದು ಇವತ್ತೇ.

"ಅತ್ತಿಗೆ, ಹೊರಡೋಣ್ವಾ? ಹಸಿವಾಗ್ತಿದೆ" ಎಂದು ಶ್ರೀಲತಾ ಬಂದು ನಿಂತಳು. ನಾನು ಏಳಲಿಲ್ಲ.

ಆ ದೋಣಿಯಲ್ಲಿ ಗಂಡಸಿನ ಎದುರಿಗೆ ಒಬ್ಬ ಹೆಂಗಸೂ ಕೂತಿದ್ದಾಳೆ ಅಂತ ಒಂದು ಸಲವಾದರೂ ಹೇಳಬಾರದಿತ್ತೇನ್ರೀ?