ಬಾಟಲಿಯ ನೀರು ಬದಲಿಸಿದ ನಿಂಗರಾಜನಿಗೆ

ನಿಂಗರಾಜ,

ಅವ್ವನನ್ನು ಕರೆದುಕೊಂಡು ಮತ್ತೆ ರಾಯಚೂರಿಗೆ ಹೊರಟಿದ್ದೇನೆ. ಕರುಳಿಗೆ ಎರಡನೇ ಸಲ ದುರ್ಬೀನಿನ ಕೊಳವೆ ಹಾಕುತ್ತಾರೆ, ನಿನ್ನ ಜಾಣತನದ ದೆಸೆಯಿಂದ.

ಅವ್ವನ ಹುಣ್ಣು ವಾಸಿಯಾಗಿದೆಯೋ ಇನ್ನೂ ಒಳಗೇ ಉರಿಯುತ್ತಿದೆಯೋ ಎಂಬುದು ಮೇಲಿಂದ ನೋಡಿದರೆ ತಿಳಿಯದು, ಕರುಳಿನ ಚೂರು ತೆಗೆದು ಪರೀಕ್ಷಿಸಬೇಕು ಎಂದು ಡಾಕ್ಟರ್ ನಿನ್ನ ಮುಂದೆಯೇ ಹೇಳಿದ್ದರು. ಆ ಚೂರಿನ ಬಾಟಲಿಯನ್ನು ಎದುರು ರಸ್ತೆಯ ಲ್ಯಾಬಿಗೆ ಕೊಡುವುದಷ್ಟೇ ನಿನ್ನ ಕೆಲಸ. ಮಾನ್ವಿ ಬಸ್ ತಪ್ಪುತ್ತದೆ ಅಂತ ನೀನು ಅದನ್ನು ಮನೆಗೆ ತಂದೆ. ವಾಸನೆ ಅಂತ, ಚೂರು ಕೆಡದಂತೆ ಹಾಕಿದ್ದ ಔಷಧಿ ಚೆಲ್ಲಿ ನೀರು ತುಂಬಿದೆ. ಎರಡು ದಿನ ಬಿಟ್ಟು ಕೊಟ್ಟು ಬಂದೆ. ಚೂರು ಕೊಳೆತಿತ್ತು. ಕೇಳಿದರೆ, "ಫಿಲ್ಟರ್ ನೀರs ಹಾಕೀನಲ್ಲಕ್ಕ" ಅನ್ನುತ್ತೀಯ. ಡಿಗ್ರಿ ಮುಗಿಸಿದ ಮಹಾಶಯ!

ಅನ್ನ ಕುಕ್ಕರಿನಲ್ಲಿದೆ, ಸಾರು ನೀನೇ ಬಿಸಿ ಮಾಡಿಕೋ.
ಅವ್ವನ ಮಾತ್ರೆ ಡಬ್ಬಿ ಮುಟ್ಟಬೇಡ.
ಪರೀಕ್ಷೆಗೆಂದು ಜುಲಾಬಿನ ನೀರು ಕುಡಿದು ಅವಳು ರಾತ್ರಿಯಿಡೀ ಓಡಾಡಿದ್ದಾಳೆ. ಸಂಡಾಸು ತೊಳೆದಿಡು.
ಎಮ್ಮೆಗೆ ನೀರಿಡು. ನೀರು ತುಂಬುವುದು ನಿನಗೆ ಚೆನ್ನಾಗಿ ಬರುತ್ತದೆ.

ಫೋನ್ ಮಾಡಿ ಸಾರಿ ಗೀರಿ ಅನ್ನಬೇಡ. ಔಷಧಿ ಚೆಲ್ಲಿದವರು ಯಾರು ಎಂದು ಡಾಕ್ಟರ್ ಗದರಿದಾಗ ಅವ್ವ ಏನಂದಳು, ನೆನಪಿದೆಯಾ? "ನಾನs ಚೆಲ್ಲೀನ್ರಿ ಯಪ್ಪಾ. ನನಗ ಓದಾಕ ಬರಂಗಿಲ್ಲ, ತಿಳೀಲಿಲ್ಲ."

ನೀನು ಪಕ್ಕದಲ್ಲೇ ನಿಂತು, ಹೌದು ಅಂತ ಗೋಣು ಆಡಿಸಿದೆ.

ಚಂದ್ರಕಲಾ