ಸೋರಿಹೋಗುವ ಕಾಫಿ

ಮಾರ್ಚ್ 4, 2000. ಸ್ಯಾನ್ ರಮೋನ್

ಮತ್ತೆ ಅದೇ. ಬಟನ್ ಒತ್ತಿದೊಡನೆ ಎಸ್ಪ್ರೆಸೊ ನಲ್ಲಿನೀರಿನಂತೆ ಸುರಿಯಿತು. ತೆಳು, ಹುಳಿ, ನೊರೆಯೇ ಇಲ್ಲ. ಪುಡಿ ಇನ್ನೂ ನಯ ಮಾಡಿದೆ. ಗಟ್ಟಿಯಾಗಿ ಒತ್ತಿದೆ. ಸಿಂಕಿಗೆ ಇನ್ನೊಂದು ಕಪ್ಪು.

ಮೆಶೀನು ದೊಡ್ಡಮ್ಮನ ಮಗ ಕುಶಲನದು — ಷೇರು ಏರಿದ ವಾರ ಕೊಂಡ, ಮರುವಾರ ಮರೆತ. ಬೀಜ ನನ್ನದು. ಓಕ್ಲೆಂಡಿನ ಭೋಜಣ್ಣನ ಸಹಕಾರಿ ಅಂಗಡಿಯ ಫೇರ್ ಟ್ರೇಡ್ ಬೀಜ, ಇಡೀ ಮೂಟೆ. ಬೆಳೆದವನಿಗೆ ಬೆಲೆ ಸಿಗದ ಕಾಫಿ ಕಳ್ಳಮಾಲು. ನಾವು ಹಂಚುವ ಕರಪತ್ರದಲ್ಲಿದೆ, ನಿಜವೂ ಹೌದು.

ದೊಡ್ಡಮ್ಮ ಒಂದು ಗುಟುಕು ಕುಡಿದರು. "ರೇಷನ್ ಅಂಗಡೀದೇನೇ ವಿಭಾ? ಸ್ವಲ್ಪ ಚಿಕೋರಿ ಹಾಕು, ಗಟ್ಟಿಯಾಗತ್ತೆ."

"ಅದು ಕಲಬೆರಕೆ ದೊಡ್ಡಮ್ಮ."

"ಹಾಗಾದ್ರೆ ನಿಮ್ಮಜ್ಜಿ ಜೀವನಪೂರ್ತಿ ಕಲಬೆರಕೆ ಕುಡಿದ್ರು ಅನ್ನು."

ಮಾರ್ಚ್ 8

ನಾನು ಕೆಲಸ ಮಾಡುವ ಪಾಲೋ ಆಲ್ಟೋ ಆಫೀಸಿಗೆ ಕಾಫಿ ತರಿಸುವುದು ಆನಂದತೀರ್ಥ. ಈ ಭಾನುವಾರ ಮನೆಗೆ ಬಂದು ನನ್ನ ಬೀಜದ ರುಚಿ ನೋಡುತ್ತಾರೆ. "ನಿಮ್ಮ ಕ್ರಾಂತಿ ಕುಡಿಯೋ ಹಾಗಿದ್ರೆ ಮೂರೂ ಫ್ಲೋರಿಗೆ ಆರ್ಡರು ಹಾಕೋಣ ಕಣ್ರೀ" ಎಂದರು. ಈ ಆರ್ಡರು ಬರದಿದ್ದರೆ ತಿಂಗಳ ಕೊನೆಗೆ ಭೋಜಣ್ಣ ಅಂಗಡಿ ಮುಚ್ಚುತ್ತಾರೆ.

ಇವತ್ತೂ ಸೋರಿತು. ನೀರಿನ ಬಿಸಿ ಸಾಲದೇ? ಗ್ರೈಂಡರೇ? ನಾನೇ…?

ಮಾರ್ಚ್ 12, ಭಾನುವಾರ

ಬಂತು! ನಿನ್ನೆ ಪುಡಿ ಮಾಡಿ ಡಬ್ಬಿಗೆ ತುಂಬಿದ್ದೆ. ಇವತ್ತು ಜೇನಿನಂತೆ ನಿಧಾನವಾಗಿ ಇಳಿಯಿತು. ಕಪ್ಪು, ದಪ್ಪ. ಆನಂದತೀರ್ಥ ಹಾಲು ಬೆರೆಸಿ ಎರಡು ಕಪ್ಪು ಕುಡಿದರು. "ಮನೆ ನೆನಪಾಯ್ತು ಕಣ್ರೀ. ಇದೇ ಬೇಕು."

ಭೋಜಣ್ಣನಿಗೆ ಫೋನು ಮಾಡಿದೆ. ಮೂರೂ ಫ್ಲೋರಿಗಾ ಎಂದು ಎರಡು ಸಲ ಕೇಳಿದರು.

ಮಾರ್ಚ್ 13

ಡಬ್ಬಿಯಲ್ಲಿ ಉಳಿದ ಪುಡಿ ಬೆರಳಿಗೆ ಜಿಗುಟಾಗಿ ಅಂಟಿತು. ಬರಿಯ ಕಾಫಿ ಹಾಗೆ ಅಂಟುವುದಿಲ್ಲ.

ಕೇಳಿದೆ. ದೊಡ್ಡಮ್ಮ ಒಗ್ಗರಣೆಯಿಂದ ಕಣ್ಣೆತ್ತಲಿಲ್ಲ. "ಹೂಂ, ಹಾಕ್ದೆ. ಮೈಸೂರಿಂದ ತಂದಿದ್ದ ಚಿಕೋರಿ. ನೀನು ಸರಿಯಾಗಿ ಊಟಾನೂ ಮಾಡ್ತಿರ್ಲಿಲ್ಲ. ನೋಡಕ್ಕಾಗ್ಲಿಲ್ಲ."



ಮಾರ್ಚ್ 15

ಬರಿಯ ಬೀಜ ಹಾಕಿದೆ. ಸೋರಿತು. ಯಾವಾಗ ಹುರಿದದ್ದೆಂದು ಭೋಜಣ್ಣನನ್ನು ಕೇಳಿದೆ.

"ಹೋದ ಬೇಸಗೆಯದ್ದು ಮಾರಾಯ್ತಿ. ಬೆಳೆಗಾರರ ಬಗ್ಗೆ ಎಲ್ಲ ಕೇಳಿದ್ದಿ, ಹುರಿದ ದಿನ ಕೇಳಿದ್ದಿಯಾ? ಹಳತಾದ್ರೆ ನೊರೆಯೂ ಇಲ್ಲ, ನೀರೂ ನಿಲ್ಲುದಿಲ್ಲ. ಆಫೀಸಿಗೆ ಹೊಸತು ಹುರಿದು ಕೊಡ್ತೇನೆ, ಹೆದರ್ಬೇಡ. ಅವರಿಗೆ ರುಚಿ ಹಿಡಿಸಿತಲ್ಲ!"

ಯಾವ ರುಚಿ ಹಿಡಿಸಿತೆಂದು ಹೇಳಲಾಗಲಿಲ್ಲ.

ಮಾರ್ಚ್ 17, ಆಫೀಸಿನಲ್ಲಿ

ಎರಡು ರಾತ್ರಿ ನಿದ್ದೆಯಿಲ್ಲ. ಕಲಬೆರಕೆ ವ್ಯಾಪಾರಿಗಳ ವಿರುದ್ಧ ನಾನೇ ಬರೆದ ಕರಪತ್ರ ಬ್ಯಾಗಿನಲ್ಲಿದೆ. ಹೇಳಿದರೆ ಅಂಗಡಿ ಹೋಗಬಹುದು. ಹೇಳದಿದ್ದರೆ ನಾನೂ ಅವರಂಥವಳೇ.

"ನಾನೇ ಹಾಕಿದ್ದು ಅಂತ ನನ್ನ ಹೆಸರೇ ಹೇಳು" ಎಂದರು ದೊಡ್ಡಮ್ಮ, ಬೆಳಗ್ಗೆ. ಅದೂ ಸರಿಯಲ್ಲ. ಕೊಟ್ಟವಳು ನಾನು.

ಆನಂದತೀರ್ಥ ಆರ್ಡರಿನ ಕಾಗದ ಹಿಡಿದು ಮೇಜಿನ ಮುಂದೆ ನಿಂತಿದ್ದಾರೆ. "ವಿಭಾ, ಒಂದು ಪೆನ್ ಕೊಡಿ. ಸೈನ್ ಮಾಡಿಬಿಡ್ತೀನಿ."

ಒಂದು ನಿಮಿಷ ಸರ್ ಎಂದಿದ್ದೇನೆ. ಇರುವುದು ನಾನು ಬರೆಯುತ್ತಿರುವ ಇದೊಂದೇ ಪೆನ್ನು, ಅವರ ಕೈ ಆಗಲೇ ಇದರತ್ತ ಚಾಚಿದೆ. ಕೊಡುವ ಮೊದಲು ಅವರಿಗೆ ಆ ಚಿಕೋ—