ಬಾಗಿಲು ತೆಗೆಯದ ಹೆಂಗಸು

೧೨ ಜನವರಿ ೨೦೨೫, ಭಾನುವಾರ

ಸೊಸೆ ರಶ್ಮಿಗೆ ಉತ್ತರ ಕೊಡದೆ ಗದರಿದ್ದು ಇನ್ನೂ ಕೊರೆಯುತ್ತಿದೆ.

ಸಂಜೆ ಇಬ್ಬರೂ ಸತ್ತವರು ಎದ್ದು ಬರುವ ಹಳೆಯ ಸಿನಿಮಾ ನೋಡಿದೆವು. ಹೆಣಗಳು ತೂರಾಡುತ್ತಾ ಬೇಲಿ ಮುರಿದದ್ದು ಚೆನ್ನಾಗಿತ್ತು. ನಮ್ಮಲ್ಲಿ ಕೂರಿಸಿ ಹೂಳುತ್ತೇವೆ; ಎದ್ದರೂ ನೆಟ್ಟಗೆ ನಡೆದಾರು. ಎಲ್ಲಕ್ಕಿಂತ ಹಿಡಿಸಿದ್ದು, ಸತ್ತ ಗಂಡ ಬಾಗಿಲು ತಟ್ಟಿದರೂ ಹೆಂಡತಿ ಚಿಲಕ ಮುಟ್ಟದೆ ನಿಂತ ದೃಶ್ಯ. ಹೆಂಗಸೆಂದರೆ ಹಾಗಿರಬೇಕು ಎಂದೆ.

"ಮಾವನೋರು ಬಂದ್ರೂ ತೆಗೆಯಲ್ವಾ ಅತ್ತೆ?"

"ಸುಮ್ನಿರೇ ಮಾರಾಯ್ತಿ! ಒಲೆ ಮೇಲೆ ಹಾಲಿಟ್ಟಿದೀಯ, ನೋಡ್ಹೋಗು."

ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದಾಗ ಯಜಮಾನರು ಮಿಲ್ಲಿನ ರಾತ್ರಿ ಶಿಫ್ಟ್ ಮುಗಿಸಿ ಬಂದರೆ, ಪಕ್ಕದ ಮನೆಯವರಿಗೆ ಎಚ್ಚರವಾದೀತೆಂದು ಬೆರಳ ತುದಿಯಿಂದ ಒಂದೇ ಸಲ ತಟ್ಟುತ್ತಿದ್ದರು. ಆ ಸದ್ದು ಈಗ ಕೇಳಿದರೆ ತೆಗೆಯುತ್ತೇನೆ. ಯಾವ ರೂಪದಲ್ಲಿ ಬಂದರೂ ತೆಗೆಯುತ್ತೇನೆ. ಮೊದಲು ಕಾಲು ತೊಳೆದುಕೊಳ್ಳಿ ಎನ್ನುತ್ತೇನೆ, ಆಮೇಲೆ—